ಪ್ರಾಣವಾಯು ಮನೆಗೆ ಬಂದಾಗ

ಸಂಜೆ ಆರೂವರೆಯ ಹೊತ್ತು. ನಮ್ಮ ದೊಡ್ಡತ್ತೆ ಎಂದಿನಂತೆ ಕೈಕಾಲು ತೊಳೆದು, ಹಣೆಗೆ ಕುಂಕುಮವಿಟ್ಟುಕೊಂಡು, ದೇವರ ಮುಂದೆ ಬಗ್ಗಿ ದೀಪ ಹಚ್ಚಲು ಬೆಂಕಿಕಡ್ಡಿ ಗೀರಿದರು. ಮೂಗಿನಲ್ಲಿ ಆಮ್ಲಜನಕದ ಕೊಳವೆ ಹಾಗೇ ಇತ್ತು. ಕಡ್ಡಿ ಎಂದಿಗಿಂತ ಬೆಳ್ಳಗೆ, ಎಂದಿಗಿಂತ ದೊಡ್ಡದಾಗಿ ಹೊತ್ತಿಕೊಂಡಿತು. ಏನಾಗುತ್ತಿದೆ ಎಂದು ಅವರಿಗೆ ತಿಳಿಯುವ ಮೊದಲೇ ಮೂಗಿನ ಬಳಿಯ ಕೊಳವೆಗೂ ಅಲ್ಲಿಂದ ಸೆರಗಿನ ಅಂಚಿಗೂ ಬೆಂಕಿ ತಾಗಿತು.

ಪಡಸಾಲೆಯಲ್ಲಿ ಯಂತ್ರದ ಪಕ್ಕದಲ್ಲೇ ಕುಳಿತು ಓದುತ್ತಿದ್ದವಳು ಮೊಮ್ಮಗಳು. ಒಂಬತ್ತನೆಯ ತರಗತಿ. ಅಜ್ಜಿಯ ಕೂಗು ಕೇಳಿದೊಡನೆ ಅವಳು ಮೊದಲು ಮಾಡಿದ್ದು ಗೋಡೆಯ ಸ್ವಿಚ್ ಆರಿಸಿದ್ದು. ಆಮೇಲೆ ಓಡಿಹೋಗಿ ಕೊಳವೆಯನ್ನು ಕಿತ್ತೆಸೆದಳು, ದೇವರ ಮುಂದಿದ್ದ ಬಿಂದಿಗೆಯ ನೀರನ್ನು ಅಜ್ಜಿಯ ಮೇಲೆ ಸುರಿದಳು. ಮೇಲ್ತುಟಿ, ಕೆನ್ನೆ, ಒಂದು ಹುಬ್ಬು ಸುಟ್ಟವು. ಗೇಣುದ್ದ ಸೀರೆ ಹೋಯಿತು. ಅಷ್ಟರಲ್ಲಿ ಮುಗಿದದ್ದು ನಮ್ಮ ಪುಣ್ಯ.

ಅಂದು ರಾತ್ರಿ ಆಸ್ಪತ್ರೆಯಿಂದ ಮರಳಿದ ಮೇಲೆ ಹುಡುಗಿಯ ತಾಯಿ ಗೊಣಗಿದರು: "ಇದು ಉರಿಯೋ ಗ್ಯಾಸು ಅಂತ ನಮಗೆ ಯಾರೂ ಹೇಳಲೇ ಇಲ್ಲವಲ್ಲ!"

"ಉರಿಯೋ ಗ್ಯಾಸ್ ಅಲ್ಲಮ್ಮ, ಉರಿಸೋ ಗ್ಯಾಸು" ಎಂದಳು ಮಗಳು.

ಅವಳ ವಿಜ್ಞಾನ ಪುಸ್ತಕದಲ್ಲಿ ಇದೇ ಮಾತು 'ದಹನಾನುಕೂಲಿ' ಎಂಬ ಪದದಲ್ಲಿ ಅಡಗಿ ಕುಳಿತಿದೆ. ಎರಡು ಅಂಕದ ಪ್ರಶ್ನೆಗೆ ಬರೆದು ಮರೆತುಬಿಡುವ ಪದ. ಆದರೆ 2021ರ ಏಪ್ರಿಲ್-ಮೇ ತಿಂಗಳ ಕೋವಿಡ್ ಅಲೆಯ ನಂತರ ಆಮ್ಲಜನಕದ ಉಪಕರಣಗಳು ಆಸ್ಪತ್ರೆಯ ಗೋಡೆ ದಾಟಿ ನಮ್ಮ ನಿಮ್ಮ ಮನೆಗಳ ಮಂಚದ ಪಕ್ಕಕ್ಕೆ ಬಂದು ನಿಂತಿವೆ. ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ತೀವ್ರವಾಗಿ, ರಕ್ತದಲ್ಲಿ ಆಮ್ಲಜನಕ ಬಹಳ ಕುಸಿದವರು ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ತೆಗೆದುಕೊಂಡರೆ ಹೆಚ್ಚು ಕಾಲ ಬದುಕುತ್ತಾರೆ ಎಂಬುದು 1980 ಮತ್ತು 1981ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಪ್ರಕಟವಾದ ಎರಡು ಅಧ್ಯಯನಗಳಿಂದ ಗೊತ್ತಾಗಿದೆ. ದಿನಕ್ಕೆ 15 ಗಂಟೆ ಎಂದರೇನು ಯೋಚಿಸಿ. ಊಟ, ನಿದ್ದೆ, ಪೂಜೆ, ಪತ್ರಿಕೆ ಓದುವುದು, ಮೊಮ್ಮಕ್ಕಳೊಡನೆ ಮಾತು ಎಲ್ಲವೂ ಆ ಕೊಳವೆಯೊಂದಿಗೇ ನಡೆಯಬೇಕು. ಆಸ್ಪತ್ರೆಯ ವಾರ್ಡಿನಲ್ಲಿ ದೀಪ ಹಚ್ಚುವವರಿಲ್ಲ, ಒಗ್ಗರಣೆ ಹಾಕುವವರಿಲ್ಲ, ತಲೆಗೆ ಕೊಬ್ಬರಿ ಎಣ್ಣೆ ತಟ್ಟುವವರಿಲ್ಲ. ಮನೆಯಲ್ಲಿ ಇವೆಲ್ಲ ಇವೆ.

ಊದುಗೊಳವೆಯ ಪಾಠ

ಸೌದೆ ಒಲೆಯಲ್ಲಿ ಅಡುಗೆ ಮಾಡಿದ ಅಜ್ಜಿ ಯಾರನ್ನಾದರೂ ಕೇಳಿ ನೋಡಿ. ಕೆಂಡ ಮಂಕಾದಾಗ ಊದುಗೊಳವೆಯಿಂದ ಊದಿದರೆ ಬೆಂಕಿ ಏಳುತ್ತದೆ. ಊದುವುದರಿಂದ ಒಲೆಗೆ ಹೊಸ ಸೌದೆಯೇನೂ ಸಿಗುವುದಿಲ್ಲ, ಸಿಗುವುದು ಗಾಳಿ ಮಾತ್ರ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಇರುವುದು ಶೇಕಡ 21ರಷ್ಟು. ಉಳಿದದ್ದರಲ್ಲಿ ಬಹುಪಾಲು ಸಾರಜನಕ. ಅದು ಬೆಂಕಿಗೆ ಏನೂ ಸಹಾಯ ಮಾಡದೆ, ಶಾಖವನ್ನು ಹೀರುತ್ತಾ ಅದರ ವೇಗವನ್ನು ತಗ್ಗಿಸುತ್ತದೆ. ಆ ಕಡಿವಾಣವನ್ನು ತೆಗೆದುಬಿಟ್ಟರೆ? ಅದನ್ನೇ ಮನೆಯ ಆಮ್ಲಜನಕದ ಯಂತ್ರ ಮಾಡುವುದು. ಕೊಳವೆಯ ತುದಿಯಿಂದ ಹೊರಬರುವ ಅನಿಲದಲ್ಲಿ ಶೇಕಡ 90ಕ್ಕೂ ಹೆಚ್ಚು ಆಮ್ಲಜನಕವಿರುತ್ತದೆ.

ನಮ್ಮ ದೊಡ್ಡತ್ತೆ ಮದುವೆಯಾಗಿ ಬಂದಂದಿನಿಂದ ನಲವತ್ತು ವರ್ಷ ಹೊಗೆ ತುಂಬಿದ ಅಡುಗೆಮನೆಯಲ್ಲಿ ಒಲೆ ಊದಿದವರು. ಬೀಡಿ, ಸಿಗರೇಟು ಮುಟ್ಟದ ಹೆಂಗಸರಿಗೂ ಸೌದೆಯ ಹೊಗೆಯಿಂದ ಶ್ವಾಸಕೋಶ ಕೆಡುತ್ತದೆ ಎಂಬುದು ಈಗ ವೈದ್ಯರೆಲ್ಲ ಒಪ್ಪಿದ ಮಾತು. ಊದಿದರೆ ಬೆಂಕಿ ಏಳುತ್ತದೆಂದು ಅವರಿಗೆ ಹೇಳಿಕೊಡಬೇಕಾದವರು ಯಾರೂ ಇರಲಿಲ್ಲ. ಮೂಗಿನಲ್ಲಿರುವುದೂ ಅಂಥದ್ದೇ ಒಂದು ಊದುಗೊಳವೆ ಎಂದು ಮಾತ್ರ ನಾವ್ಯಾರೂ ಹೇಳಿರಲಿಲ್ಲ.

ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ನೋಡಿರುತ್ತೀರಿ. ಪೊಟ್ಯಾಸಿಯಂ ಪರ್ಮಾಂಗನೇಟನ್ನು ಪ್ರನಾಳದಲ್ಲಿ ಕಾಯಿಸಿ, ಅದರ ಬಾಯಿಗೆ ಬರೀ ಕೆಂಡದ ತುದಿಯಿರುವ ಕಡ್ಡಿಯನ್ನು ಹಿಡಿದರೆ ಅದು ಭಗ್ಗನೆ ಹೊತ್ತಿಕೊಳ್ಳುತ್ತದೆ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1774ರ ಆಗಸ್ಟ್ 1ರಂದು ಬೂದುಗಾಜಿನಿಂದ ಬಿಸಿಲನ್ನು ಪಾದರಸದ ಕೆಂಪು ಆಕ್ಸೈಡಿನ ಮೇಲೆ ಹಾಯಿಸಿ ಈ ಅನಿಲವನ್ನು ಪಡೆದಾಗ ಆತನ ಕಣ್ಣಿಗೆ ಮೊದಲು ಬಿದ್ದದ್ದೂ ಮೇಣದಬತ್ತಿ ಅದರಲ್ಲಿ ಉರಿದ ರಭಸವೇ. ಅದನ್ನು ತಾನೇ ಉಸಿರಾಡಿ ನೋಡಿದ ಆತ ಮುಂದೆ ಇದು ರೋಗಿಗಳಿಗೆ ಔಷಧವಾದೀತೆಂದು ಊಹಿಸಿದ. ಜೊತೆಗೆ, ಬತ್ತಿ ಬೇಗ ಉರಿದು ಮುಗಿಯುವಂತೆ ಆರೋಗ್ಯವಂತರ ಬಾಳೂ ಇದರಲ್ಲಿ ಬೇಗ ಸವೆದೀತೇನೋ ಎಂಬ ಅನುಮಾನವನ್ನೂ ಬರೆದಿಟ್ಟ. ಸ್ವೀಡನ್ನಿನ ಷೀಲೆ ಪ್ರೀಸ್ಟ್ಲಿಗಿಂತ ಮೊದಲೇ ಇದನ್ನು ತಯಾರಿಸಿದ್ದರೂ ಪ್ರಕಟಿಸಿದ್ದು ತಡವಾಗಿ. ಹೆಸರಿಟ್ಟವನು ಫ್ರಾನ್ಸಿನ ಲವಾಸಿಯೆ. ಎಲ್ಲ ಆಮ್ಲಗಳಲ್ಲೂ ಇದು ಇದ್ದೇ ಇರುತ್ತದೆಂದು ಆತ ತಪ್ಪಾಗಿ ತಿಳಿದಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇದರ ಸುಳಿವೇ ಇಲ್ಲ. ಆ ತಪ್ಪು ಕನ್ನಡಕ್ಕೂ ಇಳಿದು 'ಆಮ್ಲಜನಕ'ವಾಗಿ ಕುಳಿತಿದೆ. 'ಪ್ರಾಣವಾಯು' ಎಂಬ ಹೆಸರು ಎಷ್ಟೋ ವಾಸಿ, ಆದರೆ ಅದು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಉಳಿದರ್ಧ ತಿಳಿಯಬೇಕಾದರೆ 1967ರ ಜನವರಿ 27ರಂದು ಅಮೆರಿಕದಲ್ಲಿ ನಡೆದದ್ದನ್ನು ನೆನೆಯಬೇಕು. ಚಂದ್ರಯಾನ ಯೋಜನೆಯ ಅಪೋಲೊ-1 ನೌಕೆಯನ್ನು ನೆಲದ ಮೇಲೇ ಪರೀಕ್ಷಿಸುತ್ತಿದ್ದರು. ಒಳಗೆ ಶುದ್ಧ ಆಮ್ಲಜನಕ ತುಂಬಿತ್ತು, ಅದೂ ಹೊರಗಿನ ಗಾಳಿಗಿಂತ ತುಸು ಹೆಚ್ಚಿನ ಒತ್ತಡದಲ್ಲಿ. ವಿದ್ಯುತ್ ತಂತಿಯ ಕಿಡಿಯಿಂದ ಹತ್ತಿದ್ದಿರಬಹುದಾದ ಬೆಂಕಿ ಕ್ಷಣಗಳಲ್ಲಿ ಗೂಡನ್ನೆಲ್ಲ ಆವರಿಸಿ ಗ್ರಿಸಮ್, ವೈಟ್, ಚಾಫೀ ಎಂಬ ಮೂವರು ಗಗನಯಾತ್ರಿಗಳನ್ನು ಬಲಿ ತೆಗೆದುಕೊಂಡಿತು. ಸಾಮಾನ್ಯ ಗಾಳಿಯಲ್ಲಿ ಅಷ್ಟು ಸುಲಭವಾಗಿ ಹೊತ್ತದ ವಸ್ತುಗಳೂ ಅಲ್ಲಿ ಧಗಧಗಿಸಿದವು. ಜಗತ್ತಿನ ಅತಿ ಜಾಣ ಎಂಜಿನಿಯರುಗಳೇ ಎಡವಿದ ವಿಷಯ ಇದು. ನಮ್ಮ ಮನೆಯವರು ಎಡವಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಸಿಗೆಯಲ್ಲಿ ಅಡಗುವ ಅನಿಲ

ಆಮ್ಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಅನಿಲ ಸೋರಿದರೆ ಮೂಗಿಗೆ ಗೊತ್ತಾಗಲೆಂದು ಅದಕ್ಕೆ ದುರ್ವಾಸನೆ ಬೆರೆಸಿರುತ್ತಾರೆ. ಇದಕ್ಕೆ ಅಂಥ ಎಚ್ಚರಿಕೆಯಿಲ್ಲ. ಕೊಳವೆಯನ್ನು ಮೂಗಿನಿಂದ ತೆಗೆದು, ಯಂತ್ರವನ್ನು ನಿಲ್ಲಿಸದೆ ದಿಂಬಿನ ಮೇಲೆ ಇಟ್ಟು ಸ್ನಾನಕ್ಕೋ ಊಟಕ್ಕೋ ಎದ್ದು ಹೋಗುವವರು ಬಹಳ. ಅಷ್ಟು ಹೊತ್ತೂ ಅನಿಲ ಹೊದಿಕೆಯ ಮಡಿಕೆಗಳಲ್ಲಿ, ಹತ್ತಿಯ ಎಳೆಗಳಲ್ಲಿ ಸೇರಿಕೊಳ್ಳುತ್ತಿರುತ್ತದೆ. ಆಮೇಲೆ ಅದೇ ಹಾಸಿಗೆಯ ಬಳಿ ಯಾರೋ ಸೊಳ್ಳೆಬತ್ತಿ ಹಚ್ಚುತ್ತಾರೆ. ಮೂಗಿನಿಂದ ತೆಗೆದ ಕೂಡಲೆ ನಿಲ್ಲಿಸಬೇಕು, ಹಾಕಿಕೊಳ್ಳುವಾಗಲೇ ಶುರುಮಾಡಬೇಕು.

ಉಟ್ಟ ಬಟ್ಟೆ, ಸ್ವೆಟರು, ತಲೆಗೂದಲು ಕೂಡ ಹೀಗೆಯೇ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ಕೊಳವೆ ತೆಗೆದ ಮರುಗಳಿಗೆಯಲ್ಲೇ ಒಲೆಯ ಮುಂದೆ ನಿಲ್ಲುವುದು ಕ್ಷೇಮವಲ್ಲ. ಅರ್ಧ ಗಂಟೆಯಾದರೂ ಗಾಳಿಯಾಡುವ ಕಡೆ ಕುಳಿತಿರಬೇಕು. ಇನ್ನು ಕೊಳವೆ ಹಾಕಿಕೊಂಡಿರುವಾಗ ಗ್ಯಾಸ್ ಒಲೆ, ದೀಪ, ಊದುಬತ್ತಿ, ಕರ್ಪೂರದ ಆರತಿ, ಸೊಳ್ಳೆಬತ್ತಿ ಯಾವುದೇ ಆಗಲಿ, ಕನಿಷ್ಠ 10 ಅಡಿ ದೂರ. ಊದುಬತ್ತಿಗೆ ಜ್ವಾಲೆಯಿಲ್ಲ, ಬರೀ ಕೆಂಡ ತಾನೇ ಎಂದು ವಾದಿಸುವವರು ಪ್ರಯೋಗಾಲಯದ ಆ ಕಡ್ಡಿಯನ್ನು ನೆನಪಿಸಿಕೊಳ್ಳಲಿ.

ಬೀಡಿ, ಸಿಗರೇಟಿನ ವಿಷಯ ಬೇರೆಯಾಗಿ ಹೇಳಲೇಬೇಕು. ಆಮ್ಲಜನಕ ಬೇಕಾಗುವ ಮಟ್ಟಕ್ಕೆ ಶ್ವಾಸಕೋಶ ಕೆಟ್ಟ ಮೇಲೂ ಚಟ ಬಿಡಲಾರದವರು ಇದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಆದರೆ ಕೊಳವೆ ಮೂಗಿನಲ್ಲಿರುವಾಗ ಬೀಡಿ ಹಚ್ಚಿದರೆ ಸುಡುವುದು ಮುಖ ಮತ್ತು ಶ್ವಾಸನಾಳ. ಮನೆಯವರು ಇದನ್ನು ವೈದ್ಯರಿಂದ ಮುಚ್ಚಿಡದೆ ಹೇಳುವುದೊಂದೇ ದಾರಿ. ಬಂದ ನೆಂಟರೂ ರೋಗಿಯ ಕೋಣೆಯಲ್ಲಿ ಸೇದಬಾರದು. ಅತಿಥಿಗಳಿಗೆ ಹೇಗೆ ಹೇಳುವುದೆಂಬ ಸಂಕೋಚವನ್ನು ಬಾಗಿಲ ಹೊರಗಿಡಿ.

ಎಣ್ಣೆ ಎಂಬ ಹಳೆಯ ಸ್ನೇಹಿತ

ನಮ್ಮ ಜನಕ್ಕೆ ಕಿರುಗುಟ್ಟುವ ಯಾವುದನ್ನು ಕಂಡರೂ ಒಂದು ತೊಟ್ಟು ಎಣ್ಣೆ ಬಿಡುವ ಅಭ್ಯಾಸ. ಬಾಗಿಲ ಕೀಲಿಗೆ, ಸೈಕಲ್ಲಿಗೆ, ಹೊಲಿಗೆ ಯಂತ್ರಕ್ಕೆ. ಆಮ್ಲಜನಕದ ಸಿಲಿಂಡರಿನ ಬಿಗಿಯಾದ ಕವಾಟ ಕಂಡಾಗಲೂ ಕೈ ಎಣ್ಣೆಯ ಸೀಸೆಯತ್ತಲೇ ಹೋಗುತ್ತದೆ. ಇದರಷ್ಟು ಅಪಾಯದ ಕೆಲಸ ಮತ್ತೊಂದಿಲ್ಲ.

ಕಾರಣ ಇಷ್ಟೆ. ತುಂಬಿದ ಸಿಲಿಂಡರಿನೊಳಗೆ ವಾತಾವರಣದ ಸುಮಾರು 150 ಪಟ್ಟು ಒತ್ತಡವಿರುತ್ತದೆ. ಕವಾಟವನ್ನು ಥಟ್ಟನೆ ತೆರೆದರೆ ಅನಿಲ ರೆಗ್ಯುಲೇಟರಿನ ಕಿರಿದಾದ ಜಾಗಕ್ಕೆ ನುಗ್ಗಿ ಒತ್ತಿಕೊಂಡು ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ತತ್ತ್ವ. ಆ ಬಿಸಿ, ಶುದ್ಧ ಆಮ್ಲಜನಕ, ಜೊತೆಗೆ ಎಣ್ಣೆಯೋ ಗ್ರೀಸೋ ಧೂಳೋ ಇದ್ದರೆ ಕಡ್ಡಿ ಗೀರುವ ಅಗತ್ಯವೇ ಇಲ್ಲ, ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ, ಒಗ್ಗರಣೆ ಹಾಕಿದ ಕೈಯಲ್ಲಿ ಕವಾಟ ಮುಟ್ಟಬೇಡಿ. ಸೋಪು ಹಾಕಿ ತೊಳೆದು, ಒರೆಸಿಕೊಂಡು ಬನ್ನಿ. ಸ್ಯಾನಿಟೈಸರ್ ಹಚ್ಚಿಕೊಂಡಿದ್ದರೆ ಅದು ಪೂರ್ತಿ ಆರುವವರೆಗೆ ಕಾಯಿರಿ, ಅದರಲ್ಲಿರುವುದು ಆಲ್ಕೋಹಾಲ್. ಫ್ಲೋಮೀಟರನ್ನು ಮುಚ್ಚಿಟ್ಟುಕೊಂಡು, ಪಕ್ಕಕ್ಕೆ ಸರಿದು ನಿಂತು, ಕವಾಟವನ್ನು ನಿಧಾನವಾಗಿ ತಿರುಗಿಸಿ. ತಿರುಗದಿದ್ದರೆ ಸುತ್ತಿಗೆಯಿಂದ ಬಡಿಯದೆ ಕೊಟ್ಟವರಿಗೇ ಮರಳಿಸಿ.

ಆಮ್ಲಜನಕದಿಂದ ಮೂಗು ಒಣಗಿ ಬಿರಿಯುತ್ತದೆ. ಆಗ ಮನೆಯ ಹಿರಿಯರು ತುಪ್ಪ ಸವರಲು ಹೇಳುತ್ತಾರೆ, ಕಿರಿಯರು ವ್ಯಾಸಲೀನ್ ತರುತ್ತಾರೆ. ಎರಡೂ ಜಿಡ್ಡೇ, ಎರಡೂ ಬೇಡ. ನೀರಿನ ಅಂಶದ ಮುಲಾಮುಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ, ವೈದ್ಯರನ್ನು ಕೇಳಿ ತರಬಹುದು. ಕೊಳವೆಯ ದಾರಿಯಲ್ಲಿ ನೀರಿನ ಬಾಟಲಿ ಇದ್ದರೆ ಅದಕ್ಕೆ ಭಟ್ಟಿ ಇಳಿಸಿದ ನೀರನ್ನೇ ಹಾಕಿ ದಿನವೂ ಬದಲಿಸಬೇಕು, ಬಾಟಲಿಯನ್ನು ತೊಳೆದಿಡಬೇಕು. ನಲ್ಲಿಯ ನೀರಿನಲ್ಲಿರುವ ಸೂಕ್ಷ್ಮಜೀವಿಗಳಿಗೆ ಮೊದಲೇ ದುರ್ಬಲವಾದ ಶ್ವಾಸಕೋಶದವರೆಗೆ ಹೆದ್ದಾರಿ ಮಾಡಿಕೊಡಬಾರದು.

ಒಂದಿಷ್ಟು ಲೆಕ್ಕ

ನಮ್ಮ ದೇಶದಲ್ಲಿ ವೈದ್ಯಕೀಯ ಆಮ್ಲಜನಕದ ಸಿಲಿಂಡರಿಗೆ ಕಪ್ಪು ಮೈ, ಬಿಳಿ ಹೆಗಲು. ಮನೆಗಳಿಗೆ ಹೆಚ್ಚಾಗಿ ಬರುವ 'ಬಿ ಟೈಪ್' ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಅನಿಲವಿರುತ್ತದೆ. ಆಳೆತ್ತರದ 'ಡಿ ಟೈಪ್'ನಲ್ಲಿ ಸುಮಾರು 7000 ಲೀಟರ್. ವೈದ್ಯರು ನಿಮಿಷಕ್ಕೆ 2 ಲೀಟರ್ ಎಂದು ಬರೆದುಕೊಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. 1500ನ್ನು 2ರಿಂದ ಭಾಗಿಸಿದರೆ 750 ನಿಮಿಷ, ಅಂದರೆ ಹನ್ನೆರಡೂವರೆ ಗಂಟೆ. ದಿನಕ್ಕೆ 15 ಗಂಟೆ ಬೇಕಾದವರಿಗೆ ಒಂದು ದಿನಕ್ಕೂ ಸಾಲದು! ಬಾಯ್ಲ್‌ನ ನಿಯಮ ಓದಿದವರಿಗೆ ಇನ್ನೊಂದು ಅನುಕೂಲ. ಸಿಲಿಂಡರಿನ ಗಾತ್ರ ಬದಲಾಗದ್ದರಿಂದ ಮುಳ್ಳು 150ರಿಂದ 75ಕ್ಕೆ ಇಳಿದರೆ ಉಳಿದಿರುವ ಅನಿಲವೂ ಸುಮಾರು ಅರ್ಧ, ಆರು ಗಂಟೆ ಚಿಲ್ಲರೆ. ಈ ಲೆಕ್ಕವನ್ನು ಮನೆಯ ಹುಡುಗ ಹುಡುಗಿಯರಿಗೆ ವಹಿಸಿಬಿಡಿ, ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಲಿ. ಮುಳ್ಳು ಸೊನ್ನೆಗೆ ಬರುವವರೆಗೆ ಕಾಯದೆ ಮುಂಚೆಯೇ ಬದಲಿ ತರಿಸಬೇಕು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡದ್ದನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಸಿಲಿಂಡರನ್ನು ಗೋಡೆಗೆ ಸರಪಳಿಯಿಂದಲೋ ಗಟ್ಟಿ ಪಟ್ಟಿಯಿಂದಲೋ ಬಿಗಿದು ನಿಲ್ಲಿಸಬೇಕು. ಉರುಳಿಬಿದ್ದು ಕವಾಟದ ಕತ್ತು ಮುರಿದರೆ ಒಳಗಿನ ಒತ್ತಡ ಅದನ್ನು ರಾಕೆಟ್ಟಿನಂತೆ ಎಸೆಯುತ್ತದೆ. ಅಡುಗೆ ಅನಿಲದ ಸಿಲಿಂಡರಿನ ಪಕ್ಕ ಬೇಡ, ಬಿಸಿಲು ಬೀಳುವಲ್ಲಿ ಬೇಡ, ಬಟ್ಟೆ ತುಂಬಿದ ಬೀರುವಿನೊಳಗಂತೂ ಬೇಡವೇ ಬೇಡ. ಸ್ಕೂಟರಿನ ಕಾಲಡಿಯಲ್ಲಿ ಇಟ್ಟುಕೊಂಡು ತರುವ ಸಾಹಸ ಯಾರಿಗೂ ಬೇಡ. 2021ರ ಏಪ್ರಿಲ್ 24ರ ರಾತ್ರಿ ಬಾಗ್ದಾದಿನ ಇಬ್ನ್ ಅಲ್-ಖತೀಬ್ ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ಆಮ್ಲಜನಕದ ಸಿಲಿಂಡರ್ ಸ್ಫೋಟಿಸಿ ಹತ್ತಿದ ಬೆಂಕಿಗೆ 80ಕ್ಕೂ ಹೆಚ್ಚು ಮಂದಿ ಸತ್ತರು.

ಈಚೆಗೆ ಬಹಳ ಮನೆಗಳಲ್ಲಿ ಸಿಲಿಂಡರಿನ ಬದಲು 'ಕಾನ್ಸನ್‌ಟ್ರೇಟರ್' ಇರುತ್ತದೆ. ಇದು ಆಮ್ಲಜನಕವನ್ನು ಕೂಡಿಟ್ಟುಕೊಳ್ಳುವುದಿಲ್ಲ. ಕೋಣೆಯ ಗಾಳಿಯನ್ನು ಎಳೆದು, ಜಿಯೊಲೈಟ್ ಎಂಬ ಹರಳುಗಳ ಮೂಲಕ ಹಾಯಿಸಿ, ಸಾರಜನಕವನ್ನು ಅಲ್ಲೇ ತಡೆದು ಉಳಿದದ್ದನ್ನು ನಮಗೆ ಕೊಡುತ್ತದೆ. ಎರಡು ಕಂಬಗಳಿದ್ದು ಒಂದು ದುಡಿಯುವಾಗ ಇನ್ನೊಂದು ಹಿಡಿದ ಸಾರಜನಕವನ್ನು ಹೊರಹಾಕುತ್ತದೆ. 'ಟುಸ್... ಟುಸ್' ಎಂಬ ಸದ್ದು ಅದರದ್ದೇ. ಉಸಿರಾಡಲು ಅದಕ್ಕೂ ಜಾಗ ಬೇಕು, ಗೋಡೆಗೂ ಪರದೆಗೂ ಒಂದಡಿಯಾದರೂ ದೂರವಿಡಿ. ಸೋಸುವ ಸ್ಪಂಜನ್ನು ಕಂಪನಿಯ ಪುಸ್ತಕದಲ್ಲಿ ಹೇಳಿದಂತೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಫ್ರಿಜ್ಜು, ಇಸ್ತ್ರಿಪೆಟ್ಟಿಗೆಗಳ ಜೊತೆ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸದೆ ನೇರವಾಗಿ ಗೋಡೆಯ ಸಾಕೆಟ್ಟಿಗೆ ಕೊಡಿ. ಕರೆಂಟು ಹೋದರೆ ಯಂತ್ರ ನಿಂತೇ ಹೋಗುತ್ತದೆ, ಹಾಗಾಗಿ ಪಕ್ಕದಲ್ಲಿ ತುಂಬಿದ ಸಣ್ಣ ಸಿಲಿಂಡರೊಂದು ಇರಲೇಬೇಕು. ಅದನ್ನು ಜೋಡಿಸುವುದನ್ನು ಮನೆಯ ಇಬ್ಬರಾದರೂ ಹಗಲು ಹೊತ್ತಿನಲ್ಲೇ ಕಲಿತಿರಲಿ.

ತಿರುಪಿಗೆ ಕೈ ಹಾಕುವ ಮುನ್ನ

ಆಮ್ಲಜನಕ ಒಂದು ಔಷಧ. ಆದರೆ ಮಾತ್ರೆ ಎರಡು ನುಂಗಲು ಹೆದರುವವರೂ ಇದರ ತಿರುಪನ್ನು ಧೈರ್ಯವಾಗಿ ತಿರುಗಿಸುತ್ತಾರೆ. "ಅಮ್ಮನಿಗೆ ಏದುಸಿರು, ಎರಡನ್ನು ನಾಲ್ಕು ಮಾಡಿದೆ" ಎನ್ನುವ ಮಗನ ಪ್ರೀತಿ ಅರ್ಥವಾಗುತ್ತದೆ. ಆದರೆ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರಲ್ಲಿ ಆಮ್ಲಜನಕ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಬಹುದು. ತಲೆನೋವು, ಮಂಪರು, ತಡಬಡಿಸುವ ಮಾತು ಅದರ ಲಕ್ಷಣಗಳು. 'ಪಾಪ, ಚೆನ್ನಾಗಿ ನಿದ್ದೆ ಬಂದಿದೆ' ಎಂದು ಮನೆಯವರು ಸಮಾಧಾನಪಡುವ ಹೊತ್ತಿಗೆ ರೋಗಿ ಎಚ್ಚರ ತಪ್ಪುವ ದಾರಿಯಲ್ಲಿರಬಹುದು. ಇಂಥವರಿಗೆ ಬೆರಳಿನ ಆಕ್ಸಿಮೀಟರಿನಲ್ಲಿ 88ರಿಂದ 92 ಇದ್ದರೆ ಸಾಕೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಪಕ್ಕದ ಮನೆಯವರ ಬೆರಳಿನಲ್ಲಿ 98 ಕಂಡು ಪೈಪೋಟಿಗೆ ಇಳಿಯಬಾರದು. ಮದರಂಗಿ, ಉಗುರುಬಣ್ಣ, ತಣ್ಣಗಾದ ಬೆರಳು ಅಂಕಿಯನ್ನು ತಪ್ಪಿಸಬಹುದು. ಮೈಬಣ್ಣ ಗಾಢವಾಗಿರುವವರಲ್ಲಿ ಇದು ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವವಿದೆಯೆಂದು 2020ರಲ್ಲಿ ಅಮೆರಿಕದ ವೈದ್ಯರು ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಅಂಕಿಯ ಜೊತೆ ಮುಖವನ್ನೂ ನೋಡಿ. ತುಟಿ ನೀಲಿಯಾಗುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ ತಿರುಪಿನ ಬಳಿ ಹೋಗದೆ 108ಕ್ಕೆ ಫೋನು ಮಾಡಿ.

ಅಕಸ್ಮಾತ್ ಬೆಂಕಿ ಹತ್ತಿಯೇ ಬಿಟ್ಟರೆ? ಆಮ್ಲಜನಕ ನಿಲ್ಲಿಸದೆ ನೀರು ಹಾಕುವುದು ಊದುತ್ತಲೇ ಒಲೆ ಆರಿಸಲು ಹೊರಟಂತೆ. ಸ್ವಿಚ್ಚೋ ಕವಾಟವೋ ಕೈಗೆಟುಕುವಂತಿದ್ದರೆ ಮೊದಲು ಮುಚ್ಚಿ, ಕೊಳವೆಯನ್ನು ಮುಖದಿಂದ ತೆಗೆದು ದೂರ ಎಸೆದು, ಮೈಮೇಲಿನ ಬೆಂಕಿಗೆ ನೀರು ಹಾಕಿ ರೋಗಿಯನ್ನು ಹೊರಗೆ ಕರೆತನ್ನಿ. ಕೋಣೆ ಉರಿಯುತ್ತಿದ್ದರೆ ಸಾಮಾನಿನ ಆಸೆ ಬಿಟ್ಟು ಎಲ್ಲರೂ ಹೊರಗೆ ಬಂದು 101ಕ್ಕೋ 112ಕ್ಕೋ ತಿಳಿಸಿ, ಒಳಗೆ ಆಮ್ಲಜನಕ ಇದೆಯೆಂದು ತಪ್ಪದೆ ಹೇಳಿ. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಬೇಕು. ಟೂತ್‌ಪೇಸ್ಟ್, ಶಾಯಿ, ಅರಿಸಿನ ಯಾವುದೂ ಬೇಡ. ಮೂಗು ಬಾಯಿಯ ಬಳಿ ಸುಟ್ಟಿದ್ದರೆ ಹೊರಗೆ ಸಣ್ಣ ಗಾಯ ಕಂಡರೂ ಒಳಗೆ ಶ್ವಾಸನಾಳ ಊದಿಕೊಳ್ಳಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗಾಯ ಮಾಗಿದ ಮೇಲೆ ದೊಡ್ಡತ್ತೆಯ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮಗ ಪೇಟೆಯಿಂದ ಕರೆಂಟಿನ ದೀಪ ತಂದಿಟ್ಟ. ದೊಡ್ಡತ್ತೆ ಅದನ್ನು ನೋಡಿ, "ಇದಕ್ಕೆ ಎಣ್ಣೆ ಬತ್ತಿ ಎಲ್ಲಿ ಹಾಕೋದಪ್ಪಾ?" ಎಂದು ಕೇಳಿ ಮುಖ ತಿರುಗಿಸಿಕೊಂಡರು. ನಾಲ್ಕು ದಿನ ಸಂಜೆ ಮನೆಯಲ್ಲಿ ಮಾತೇ ಇರಲಿಲ್ಲ. ಕೊನೆಗೆ ಮೊಮ್ಮಗಳು ಹೊಲಿಗೆಯ ಟೇಪು ಹಿಡಿದು ದೇವರ ಗೂಡಿನಿಂದ ಅಳೆಯುತ್ತಾ ಬಂದಳು. ಪಡಸಾಲೆಯ ಕಂಬದ ಬಳಿಗೆ ಹದಿನಾಲ್ಕು ಅಡಿ ಆಯಿತು. ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಬೆತ್ತದ ಕುರ್ಚಿ ಹಾಕಿದಳು. ಕೂತಲ್ಲಿಂದ ದೇವರ ಮುಖ ನೇರವಾಗಿ ಕಾಣುತ್ತದೆ. ಈಗ ಸಂಜೆಯಾದರೆ ದೊಡ್ಡತ್ತೆ ಆ ಕುರ್ಚಿಯಲ್ಲಿ ಕುಳಿತು ಬತ್ತಿ ಹೊಸೆದು ತಟ್ಟೆಯಲ್ಲಿಟ್ಟುಕೊಡುತ್ತಾರೆ. ಹುಡುಗಿ ಹೋಗಿ ಹಚ್ಚುತ್ತಾಳೆ. ಕುರ್ಚಿಯಿಂದಲೇ ಅಪ್ಪಣೆ ಬರುತ್ತದೆ: "ಎಡಗಡೆ ಬತ್ತಿ ಸ್ವಲ್ಪ ಮುಂದಕ್ಕೆ ಎಳಿ ಪುಟ್ಟಿ, ಎಣ್ಣೆ ಸಾಲದು."